ದೇವಮೂಲೆಯ ಗೋಡೆ

ಕಿರಂಗೂರು
6 ಏಪ್ರಿಲ್ 2025, ಭಾನುವಾರ

ಮಗಳು ಹೇಮಶ್ರೀಗೆ,

ನಿನ್ನ ಮಾವ ಪುಟ್ಟಸ್ವಾಮಿಯ ಆಶೀರ್ವಾದಗಳು. ಮೊದಲು ಮನಸ್ಸು ತಣಿಯುವಷ್ಟು ಬೈದುಬಿಡು, ಆಮೇಲೆ ಓದು. ನೀನು ಹೆರಿಗೆಗೆಂದು ಕೆ.ಆರ್. ಪೇಟೆಯ ತವರಿಗೆ ಹೋಗಿ ಏಳು ತಿಂಗಳಾಯಿತು. ಮಗು ಹುಟ್ಟಿ ಐದು ತಿಂಗಳಾಯಿತು. ಅಷ್ಟು ದಿನದಲ್ಲಿ ನಾನು ಒಂದು ಗೆರೆ ಬರೆದಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಸೊಸೆಗೆ ಕಾಗದ ಬರೆಯಲು ಪೆನ್ನು ಓಡಲಿಲ್ಲ ಎಂದರೆ ಯಾರು ನಂಬುತ್ತಾರೆ. ಆದರೂ ನಿಜ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಒಲೆಗೆ ಹಾಕಿದೆ.

ಫೋನು ಮಾಡೋಣವೆಂದರೆ ನಿಮ್ಮ ತಂದೆ ಮರಿಯಯ್ಯನವರೇ ಎತ್ತುತ್ತಾರೆ. "ಮಗ ಮಲ್ಗದೆ, ಆಮೇಕೆ ಮಾಡಿ" ಎಂದು ಇಟ್ಟುಬಿಡುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ನಾಲ್ಕು ಮಾತು ಜಾಸ್ತಿ ಆಡುತ್ತಿದ್ದೆ.

ಚಿನ್ನೂನ ಫೋಟೋವನ್ನು ನಿನ್ನ ಗಂಡ ಸಂತೋಷನ ಫೋನಿನಲ್ಲಿ ನೋಡಿದೆ. ಹಣೆ ನಮ್ಮ ಕಡೆಯದು, ಮೂಗು ನಿಮ್ಮ ಕಡೆಯದು, ಸಿಟ್ಟು ಯಾರ ಕಡೆಯದೆಂದು ಇನ್ನೂ ಗೊತ್ತಾಗಿಲ್ಲ. ಐದನೇ ತಿಂಗಳಿಗೆ ನಾವು ತಾಂಬೂಲ ತಂದು ನಿನ್ನನ್ನೂ ಮಗುವನ್ನೂ ಕರೆದುಕೊಂಡು ಬರಬೇಕಿತ್ತು. ಬರಲಿಲ್ಲ. ಸಂತೋಷ ಒಬ್ಬನೇ ಬಂದ, ಬರಿಗೈಯಲ್ಲಿ ವಾಪಸಾದ. ಅವನ ಹತ್ತಿರ ನೀನು ಹೇಳಿ ಕಳಿಸಿದ ಮಾತು ನನಗೆ ಮುಟ್ಟಿದೆ. "ನನ್ನ ಕಾಲ್ಗುಣದಿಂದ ಗೋಡೆ ಸೀಳ್ತು ಅಂದೋರು, ಅಲ್ಲ ಅಂತ ನನ್ನ ಮುಂದೆ ಬಂದು ಹೇಳ್ಬೇಕು. ಅಲ್ಲೀಗಂಟ ನಾನೂ ಬರಲ್ಲ, ಮಗೂನೂ ಕಳ್ಸಲ್ಲ." ಸರಿಯಾಗಿಯೇ ಹೇಳಿದ್ದೀಯ ತಾಯಿ. ನಾನು ನಿನ್ನ ಮೇಷ್ಟರಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಆ ಮಾತು ಬಂದದ್ದು ಹೋದ ವರ್ಷ ಯುಗಾದಿ ಕಳೆದ ವಾರ. ಗೃಹಪ್ರವೇಶವಾಗಿ ಎರಡು ವರ್ಷ ಕೂದಲೆಳೆಯಷ್ಟೂ ಬಿರುಕಿಲ್ಲದೆ ನಿಂತಿದ್ದ ಹೊಸ ಮನೆ, ನೀನು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ದೇವಮೂಲೆಯಲ್ಲಿ ಬಾಯಿ ಬಿಟ್ಟಿತು. ಬಿರುಕು ಅಲ್ಲಿಂದ ನಿಮ್ಮ ಕೋಣೆಯ ಕಿಟಕಿಯ ತನಕ ಓಡಿತು. ಬೆಳಗ್ಗೆ ಎದ್ದು ನಿಮ್ಮತ್ತೆ ಸೋಮಮ್ಮ ಎಲ್ಲರ ಮುಂದೆ "ಇವಳ ಕಾಲ್ಗುಣ" ಎಂದುಬಿಟ್ಟಳು. ಆಗ ನೀನು ಬಸುರಿ. ಮುದ್ದೆ ಕಟ್ಟಿಟ್ಟು ಒಳಗೆ ಹೋದೆ. ಆಮೇಲೆ ಆ ಅಡುಗೆಮನೆಯಲ್ಲಿ ನೀನು ನಕ್ಕಿದ್ದನ್ನು ನಾನು ನೋಡಲಿಲ್ಲ.

ಇರಲಿ, ಈಗ ಸುದ್ದಿಗೆ ಬರುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಖುಷಿಯಲ್ಲಿ ಪೆನ್ನು ನನಗಿಂತ ಮುಂದೆ ಓಡುತ್ತಿದೆ.

ಮೊನ್ನೆ ಗುರುವಾರ ನಾಲೆ ಏರಿಯ ಮೇಲೆ ನಡೆದು ಬರುತ್ತಿದ್ದೆ. ಆಚೆ ಮಂಜುನಾಥನ ಗದ್ದೆಯಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹುಡುಗಿ ನೆಲದ ಮೇಲೆ ಕಬ್ಬಿಣದ ಹಲಗೆ ಇಟ್ಟು ಸಮ್ಮಟಿಗೆಯಲ್ಲಿ ಗುದ್ದುತ್ತಿದ್ದಾಳೆ. ಗುದ್ದುವುದು, ಹೋಗಿ ಒಂದು ಪೆಟ್ಟಿಗೆ ನೋಡುವುದು, ಮತ್ತೆ ಬಂದು ಗುದ್ದುವುದು. ನಿಧಿ ಹುಡುಕುವ ಕಳ್ಳರೆಂದು ನನಗೆ ರೇಗಿತು. "ಯಾರಮ್ಮ ನೀನು, ಯಾರನ್ನ ಕೇಳಿ ಅಗೀತಿದ್ದೀಯ?" ಎಂದು ಕೂಗುತ್ತಲೇ ಏರಿ ಇಳಿದೆ. ಅವಳು ಒಂಚೂರೂ ಹೆದರಲಿಲ್ಲ. "ಅಗೀತಿಲ್ಲ ಸರ್. ಅಗೀದೇನೇ ಒಳಗಡೆ ನೋಡ್ತಿದ್ದೀನಿ" ಎಂದಳು.

ಹೆಸರು ಸ್ನೇಹ. ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ಏನೆಂದುಕೊಂಡೆ? ಎರೆಮಣ್ಣಿನೊಳಗಿನ ಬಿರುಕು. ನಾನು ಅಲ್ಲೇ ಬದುವಿನ ಮೇಲೆ ಕುಕ್ಕರಿಸಿಬಿಟ್ಟೆ. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ, ಅದು ನಿನಗೂ ಗೊತ್ತು. ಆದರೆ ಮೇಲೆ ಕಾಣುವ ಸೀಳು ಬೇರೆ, ಒಳಗೆ ಉಳಿಯುವ ಸೀಳು ಬೇರೆಯಂತೆ. ನಾಲ್ಕು ಹನಿ ಮಳೆ ಬಿದ್ದರೆ ಮೇಲಿನದು ಮುಚ್ಚಿಕೊಳ್ಳುತ್ತದೆ. ಒಂದಾಳುದ್ದ ಕೆಳಗಿರುವುದು ಹಾಗೇ ಬಾಯಿ ತೆರೆದುಕೊಂಡಿರುತ್ತದೆ, ಯಾರಿಗೂ ಕಾಣುವುದಿಲ್ಲ. ಅದನ್ನು ಹುಡುಕುವುದಕ್ಕೆ ಈ ಗುದ್ದು. ಗುದ್ದಿದರೆ ನೆಲದೊಳಗೆ ಅಲೆ ಏಳುತ್ತದೆ, ಭೂಕಂಪದಲ್ಲಿ ಏಳುವುದೂ ಅದೇ ಜಾತಿಯ ಅಲೆ, ಇದು ಅದರ ಮರಿ. ಗಟ್ಟಿ ನೆಲದಲ್ಲಿ ಅಲೆ ಬೇಗ ಓಡುತ್ತದೆ, ಮೆತ್ತನೆಯದರಲ್ಲಿ ನಿಧಾನ. ದಾರಿಯಲ್ಲಿ ಬಿರುಕು ಸಿಕ್ಕಿದರೆ ದಾಟಲಾರದೆ ಸುತ್ತು ಹಾಕಿಕೊಂಡು, ಸೊರಗಿಕೊಂಡು, ತಡವಾಗಿ ಬರುತ್ತದೆ. ಎಷ್ಟು ತಡವಾಯಿತೆಂದು ಪೆಟ್ಟಿಗೆ ಬರೆದುಕೊಳ್ಳುತ್ತದೆ.

"ಬಿರುಕು ತಾನೇ ನಿಂಗೆ ಬೇಕಾಗಿರೋದು? ನಮ್ಮನೇಗೆ ಬಾರಮ್ಮ, ಮನೆಯೊಳಗೇ ಒಂದೈತೆ" ಎಂದೆ. ಬಂದಳು. ದೇವಮೂಲೆಯ ಬಿರುಕಿನ ಹತ್ತಿರ ಕಣ್ಣಿಟ್ಟು ನೋಡಿದಳು, ಬೆರಳು ತೂರಿಸಿದಳು, ಅಂಗಳಕ್ಕೆ ಹೋಗಿ ನೆಲ ನೋಡಿದಳು. "ಸರ್, ಮುಂದಿನ ವಾರ ಇಲ್ಲೇ ಲೈನು ಹಾಕೋಣ್ವಾ?" ಎಂದಳು. ಅಷ್ಟು ಕೇಳಿದ್ದೇ ತಡ, ಹುರಿಗಡಲೆ ಬೆಲ್ಲ ಕೊಟ್ಟು ಕೂರಿಸಿದೆ.

ನಿಮ್ಮತ್ತೆ ಮಾತ್ರ ಬಾಗಿಲಲ್ಲಿ ನಿಂತು ಗೊಣಗಿದಳು. "ಗುದ್ದಿ ಗುದ್ದಿ ನೆಟ್ಗಿರೋ ಗೋಡೇನೂ ಕೆಡವ್ಬುಡಿ. ಮೇಷ್ಟ್ರಿಗೆ ರಿಟೈರಾದ್ಮೇಲೆ ಕೆಲ್ಸ ಇಲ್ಲ." ಗೊಣಗಲಿ ಬಿಡು. ನೆಲವೇ ಸಾಕ್ಷಿ ಹೇಳಿದರೆ ಯಾರ ಬಾಯಿ ಮುಚ್ಚುವುದಿಲ್ಲ?

ಇವತ್ತು ರಾಮನವಮಿ. ಪಾನಕ ಕುಡಿದು ಕೂತು ಬರೆಯುತ್ತಿದ್ದೇನೆ. ಚಿನ್ನೂಗೆ ತಾತನ ಮುತ್ತು. ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ಹೇಳು, ತಗೊಂಡರೆ.

ನಿನ್ನ ಮಾವ
ಪುಟ್ಟಸ್ವಾಮಿ


ಕಿರಂಗೂರು
14 ಏಪ್ರಿಲ್ 2025, ಸೋಮವಾರ

ಪ್ರೀತಿಯ ಹೇಮಾ,

ನಿನ್ನ ಕಾರ್ಡು ಬಂತು. ಎರಡೇ ಸಾಲು. "ಮಾವ, ಯಂತ್ರ ಏನು ಹೇಳುತ್ತೆ ಅನ್ನೋದು ನನಗೆ ಬೇಕಿಲ್ಲ. ಅತ್ತೆ ಏನು ಹೇಳ್ತಾರೆ ಅದು ಬೇಕು." ಓದಿ ಮೊದಲು ಮುಖ ಸಣ್ಣಗಾಯಿತು. ಆಮೇಲೆ, ಬರೆದಳಲ್ಲ, ಬರೆಯುವಷ್ಟು ಮನಸ್ಸು ಇನ್ನೂ ಇದೆಯಲ್ಲ ಎಂದು ಸಮಾಧಾನವಾಯಿತು. ಕಾರ್ಡನ್ನು ಪಂಚಾಂಗದೊಳಗೆ ಇಟ್ಟಿದ್ದೇನೆ.

ಶನಿವಾರ ಅಲೆ ಹಿಡಿಯುವ ಕೆಲಸ ನಡೆಯಿತು. ನೀನು ಇರಬೇಕಿತ್ತು. ಬೆಳಗ್ಗೆ ಏಳಕ್ಕೇ ಸ್ನೇಹ ಬಂದಳು. ಬುಗುರಿ ಗಾತ್ರದ ಇಪ್ಪತ್ತನಾಲ್ಕು ಡಬ್ಬಿ, ಪ್ರತಿಯೊಂದಕ್ಕೂ ಕೆಳಗೆ ಗೇಣುದ್ದದ ಮೊಳೆ. ಮೀಟರಿಗೊಂದರಂತೆ ಅಂಗಳದಿಂದ ಹಿತ್ತಿಲ ತನಕ ಸಾಲಾಗಿ ನೆಲಕ್ಕೆ ಚುಚ್ಚಿ, ಎಲ್ಲಕ್ಕೂ ಒಂದೇ ವೈರು ಎಳೆದು ಪೆಟ್ಟಿಗೆಗೆ ಸೇರಿಸಿದಳು. ಅವು ನೆಲದ ಕಿವಿಗಳು ಅಂದುಕೋ. ಪೆಟ್ಟಿಗೆಯ ಪರದೆ ಮೇಲೆ ಇಪ್ಪತ್ತನಾಲ್ಕು ಗೆರೆ. ಯಾರೂ ಅಲ್ಲಾಡದಿದ್ದರೆ ಗೆರೆಗಳು ನೆಟ್ಟಗೆ ನಿಂತಿರುತ್ತವೆ.

ಯಾರೂ ಅಲ್ಲಾಡದಿರುವುದು ನಮ್ಮೂರಲ್ಲಿ ಆಗುವ ಮಾತೇ? ಮಂಜುನಾಥನ ಪಂಪ್‌ಸೆಟ್ಟು ಓಡುತ್ತಿತ್ತು, ಪರದೆ ಪೂರ್ತಿ ಜುಂಯ್ ಎಂದು ನಡುಗಿತು. ನಾನು ಬೇಲಿ ಹತ್ತಿರ ನಿಂತು "ಲೋ ಮಂಜ, ಒಂದು ಗಂಟೆ ಮೋಟ್ರು ಆಫ್ ಮಾಡ್ಲಾ, ನೆಲದ ಮಾತು ಕೇಳ್ತಾ ಇವ್ನಿ" ಎಂದೆ. ಅವನು ನನ್ನ ತಲೆ ಕೆಟ್ಟಿತೆಂದುಕೊಂಡ. ಆದರೂ ನನ್ನ ಹಳೇ ವಿದ್ಯಾರ್ಥಿ ನೋಡು, ಆಫ್ ಮಾಡಿ ತಾನೂ ನೋಡಲು ಬಂದ. ಆಮೇಲೆ ಪಾಂಡವಪುರ ಸ್ಟೇಷನ್ನಿನ ಕಡೆ ರೈಲು ಹೋಯಿತು, ಅದಕ್ಕೂ ಕಾದೆವು.

ಸಮ್ಮಟಿಗೆ ಹಿಡಿದವನು ನಿನ್ನ ಗಂಡ. ಡೈರಿಯಲ್ಲಿ ಹಾಲು ಟೆಸ್ಟ್ ಮಾಡಿ ಮುಗಿಸಿ, ಬಟ್ಟೆ ಕೂಡ ಬದಲಾಯಿಸದೆ ಬಂದು "ಕೊಡಿ ಇಲ್ಲಿ" ಎಂದು ಕಿತ್ತುಕೊಂಡ. ಮೊದಲ ಪೆಟ್ಟಿಗೇ ಕಬ್ಬಿಣದ ಹಲಗೆ ಮೂರಂಗುಲ ನೆಲಕ್ಕಿಳಿಯಿತು. "ಇಷ್ಟು ಬೇಡ ಸರ್, ಮೆತ್ತಗೆ" ಎಂದು ಸ್ನೇಹ ಹೇಳಬೇಕಾಯಿತು. ಈ ಏಳು ತಿಂಗಳಲ್ಲಿ ಅವನು ಮನೆಯಲ್ಲಿ ಒಟ್ಟು ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದು. ಅವತ್ತು ಅವನ ಕೈಯೇ ಮಾತಾಡಿತು.

ಒಂದೊಂದು ಪೆಟ್ಟಿಗೂ ಪರದೆ ಮೇಲೆ ಮೊದಲ ಗೆರೆ ಬೆಚ್ಚುತ್ತದೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಅಲೆ ಓಡುವುದು ಕಣ್ಣಿಗೆ ಕಾಣುತ್ತದೆ. ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಳುಕು ಗೆರೆ ಎಳೆದು "ಇದು ಅಲೆ, ಬರ್ಕಳ್ರೋ" ಎಂದಿದ್ದವನು ನಾನು. ನಿಜವಾದದ್ದನ್ನು ಅವತ್ತು ನೋಡಿದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಿ ಧೂಳು ಬಿತ್ತು ಎಂದೆ.

ನಡುವೆ ಒಂದು ತಮಾಷೆ ನಡೆಯಿತು. ಪೆಟ್ಟು ಬೀಳುವ ಮೊದಲೇ ಗೆರೆಗಳು ಸಣ್ಣಗೆ ಕುಣಿಯತೊಡಗಿದವು. "ಯಾರೋ ನಡೀತಿದ್ದಾರೆ, ನಿಂತ್ಕೊಳ್ಳಿ" ಎಂದು ಸ್ನೇಹ ಕೈ ಎತ್ತಿದಳು. ನೋಡಿದರೆ ಸೋಮಮ್ಮ ಹುಲ್ಲಿನ ಹೊರೆ ಹೊತ್ತುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದಳು. ಹೊರೆ ಇಳಿಸಿ ಬಂದು ಪರದೆ ಮುಂದೆ ನಿಂತಳು.

"ಇದು ನನ್ನ ಕಾಲಾ?"

"ಹೂಂ ಅಮ್ಮ. ನೀವಿಟ್ಟ ಒಂದೊಂದು ಹೆಜ್ಜೇನೂ ಇಲ್ಲಿದೆ ನೋಡಿ."

"ಯಾರ್ದಾದ್ರೂ ಇಂಗೇ ಕಾಣ್ತದಾ?"

"ಯಾರದಾದ್ರೂ ಹೀಗೇ. ತೂಕ ಜಾಸ್ತಿ ಇದ್ರೆ ಗೆರೆ ಒಂಚೂರು ದಪ್ಪ, ಅಷ್ಟೇ."

"ಅಂಗಾದ್ರೆ ಮೇಷ್ಟ್ರುದೇ ದಪ್ಪ ಬುಡು" ಎಂದಳು ನಿಮ್ಮತ್ತೆ. ಎಲ್ಲರೂ ನಕ್ಕರು, ಸಂತೋಷನೂ ನಕ್ಕ. ಅವಳು ಮಾತ್ರ ನಗದೆ ಇನ್ನೊಂದು ಗಳಿಗೆ ಆ ಪರದೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೆಲಸ ಮುಗಿಯುವವರೆಗೆ ಜಗಲಿ ಬಿಟ್ಟು ಏಳಲಿಲ್ಲ, ಎಲ್ಲಿ ಗೆರೆ ಕೆಡುತ್ತದೋ ಎಂದು.

ಮಧ್ಯಾಹ್ನದ ಮೇಲೆ ಇನ್ನೊಂದು ಥರದ ಅಲೆ. ಉದ್ದನೆಯ ಮರದ ದಿಮ್ಮಿಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮಂಜುನಾಥನ ಟ್ರಾಕ್ಟರಿನ ಹಿಂದಿನ ಚಕ್ರ ಹತ್ತಿಸಿ ನಿಲ್ಲಿಸಿ, ದಿಮ್ಮಿಯ ತಲೆಗೆ ಪಕ್ಕದಿಂದ ಹೊಡೆಯುವುದು. ಆಗ ನೆಲ ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕಕ್ಕೆ ಒಲೆಯುತ್ತದೆ. ಬಿರುಕು ಹಿಡಿಯುವುದಕ್ಕೆ ಇದೇ ಒಳ್ಳೆಯ ಅಲೆಯಂತೆ. ಡಬ್ಬಿಗಳನ್ನು ಒಮ್ಮೆ ಗೋಡೆಯ ಉದ್ದಕ್ಕೆ ಚುಚ್ಚಿ ಹೊಡೆದೆವು, ಒಮ್ಮೆ ಗೋಡೆಗೆ ಅಡ್ಡಲಾಗಿ ಚುಚ್ಚಿ ಹೊಡೆದೆವು. ಮಣ್ಣು ಅದೇ, ಜಾಗ ಅದೇ, ಹೊಡೆದ ಕೈಯೂ ಅದೇ. ಉದ್ದಕ್ಕೆ ಹೋದ ಅಲೆ ಸೆಕೆಂಡಿಗೆ ನೂರಮೂವತ್ತು ಮೀಟರು ಓಡಿತು. ಅಡ್ಡಕ್ಕೆ ಹೋದದ್ದು ತೊಂಬತ್ತು ದಾಟಲಿಲ್ಲ.

ಸ್ನೇಹ ಎರಡು ಸಲ ಲೆಕ್ಕ ಹಾಕಿದಳು. ನಾನು ಕೊಟ್ಟಿಗೆ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಮೂರನೇ ಸಲ ಹಾಕಿದೆ. ಅದೇ ಬಂತು. ಅಂದರೆ ಏನಾಯಿತು ಹೇಳು? ಗೋಡೆಯ ಉದ್ದಕ್ಕೆ, ನೆಲದೊಳಗೆ, ಕಣ್ಣಿಗೆ ಕಾಣದ ಬಿರುಕುಗಳ ಸಾಲೇ ಇದೆ. ಅವುಗಳ ಜೊತೆಜೊತೆಗೆ ಓಡುವ ಅಲೆಗೆ ತೊಂದರೆಯಿಲ್ಲ. ಅಡ್ಡ ದಾಟುವ ಅಲೆಗೆ ಹೆಜ್ಜೆಹೆಜ್ಜೆಗೂ ಹಳ್ಳ. ಬಿರುಕು ಮೊದಲು ಗೋಡೆಯಲ್ಲಿ ಹುಟ್ಟಿದ್ದಲ್ಲ, ನೆಲದಲ್ಲಿ ಹುಟ್ಟಿ ಗೋಡೆಗೆ ಹತ್ತಿದ್ದು. ಅದು ಬರಿಗಾಲಲ್ಲಿ ಅಕ್ಕಿ ಸೇರು ಒದ್ದು ಒಳಗೆ ಬಂದ ಒಂದು ಹುಡುಗಿಯ ಕೆಲಸ ಅಲ್ಲವೇ ಅಲ್ಲ.

ಇನ್ನು ಹತ್ತು ದಿನದಲ್ಲಿ ಪೂರ್ತಿ ಚಿತ್ರ ಮಾಡಿಕೊಂಡು ಬಂದು, ಅಗೆದು ತೋರಿಸುತ್ತೇನೆ ಎಂದಿದ್ದಾಳೆ. ನೀನು ಕೇಳಿದ್ದು ಅತ್ತೆಯ ಮಾತು, ನಾನು ಬರೆದದ್ದು ಯಂತ್ರದ ಮಾತು, ಗೊತ್ತು. ಒಂದರ ಹಿಂದೆ ಇನ್ನೊಂದು ಬರುತ್ತದೆ, ತಡಿ.

ಚಿನ್ನು ಮಗುಚಿಕೊಳ್ಳುತ್ತಾಳೆಂದು ಸಂತೋಷ ಹೇಳಿದ. ಹಾಸಿಗೆಯ ಎರಡೂ ಕಡೆ ದಿಂಬು ಇಡು.

ನಿನ್ನ ಮಾವ
ಪುಟ್ಟಸ್ವಾಮಿ


ಕಿರಂಗೂರು
26 ಏಪ್ರಿಲ್ 2025, ಶನಿವಾರ

ಮಗಳೇ ಹೇಮಾ,

ಗೆದ್ದೆವು ಕಣಮ್ಮ. ಕುಶಲ ಕೇಳುವುದನ್ನು ಆಮೇಲೆ ಇಟ್ಟುಕೊಳ್ಳುತ್ತೇನೆ.

ಗುರುವಾರ ಸ್ನೇಹ ಬಣ್ಣದ ಚಿತ್ರ ತಂದಳು. ನಮ್ಮ ಮನೆಯನ್ನು ಬಾಳೆದಿಂಡಿನಂತೆ ಅಡ್ಡಕ್ಕೆ ಕುಯ್ದು, ಕೆಳಗಿನ ನೆಲ ತೋರಿಸಿದ ಹಾಗೆ. ರಸ್ತೆಯ ಕಡೆಯ ಅರ್ಧ ಮನೆಯ ಕೆಳಗೆ ನೀಲಿ ಬಣ್ಣ, ಅಂದರೆ ಮೆತ್ತನೆಯ ಎರೆ, ಒಂದೂವರೆ ಆಳು ಆಳ, ಬಾಣಲೆಯ ಆಕಾರದಲ್ಲಿ. ಹಿತ್ತಿಲ ಕಡೆಯ ಅರ್ಧದ ಕೆಳಗೆ ಕೆಂಪು, ಗಟ್ಟಿ ಗರಸು. ಮನೆಯ ಒಂದು ಕಾಲು ಹಾಸಿಗೆ ಮೇಲೆ, ಇನ್ನೊಂದು ಕಾಲು ಬಂಡೆ ಮೇಲೆ ಎನ್ನು. ಬಾಣಲೆಯ ಅಂಚು ಸರಿಯಾಗಿ ದೇವಮೂಲೆಯಿಂದ ನಿಮ್ಮ ಕೋಣೆಯ ಕಿಟಕಿಯ ಕೆಳಗೆ ಹಾದುಹೋಗುತ್ತದೆ. ಒಣಗಿದಾಗ ಎರೆ ಕುಗ್ಗಿ ಅಂಚು ಬಿಟ್ಟುಕೊಂಡಿದೆ. ಬಿರುಕಿನ ಸಾಲು ಅಲ್ಲಿಯೇ.

"ಹಂಗಾದ್ರೆ ಎರಡು ವರ್ಷ ಯಾಕೆ ಸುಮ್ನಿತ್ತು?" ಎಂದು ಸಂತೋಷ ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೂ ಉತ್ತರವಿದೆ. ಆ ಎರಡು ವರ್ಷ ಮಳೆ ಚೆನ್ನಾಗಿತ್ತು, ನಾಲೆಯಲ್ಲಿ ನೀರು ಬತ್ತುತ್ತಿರಲಿಲ್ಲ, ನೆಲ ಸದಾ ತೇವವಾಗಿತ್ತು. ನಿಮ್ಮ ಮದುವೆಯಾದ ವರ್ಷ ಮಳೆ ಕೈಕೊಟ್ಟಿತು, ನಾಲೆ ಬತ್ತಿತು. ಕಟ್ಟಿದ ಮೇಲೆ ಮನೆ ಕಂಡ ಮೊದಲನೇ ಒಣ ಬೇಸಿಗೆ ಅದು. ನೀನು ಬರದೆ ಬೇರೆ ಯಾರು ಬಂದಿದ್ದರೂ, ಯಾರೂ ಬರದೇ ಇದ್ದಿದ್ದರೂ, ಆ ಏಪ್ರಿಲ್ಲಿಗೆ ಆ ಗೋಡೆ ಸೀಳುತ್ತಿತ್ತು.

ಚಿತ್ರ ನಂಬದವರಿಗೆ ಗುಂಡಿ ತೋರಿಸೋಣ ಎಂದು ಕಿಟಕಿಯಿಂದ ಒಂದು ಮಾರು ಆಚೆ ಅಗೆದೆವು. ಮೇಲಿನ ಎರಡಡಿ ಮಣ್ಣು ಒಂದೇ ಸಮ, ಬಿರುಕಿನ ಸುಳಿವೂ ಇಲ್ಲ. ವಾರವಾರ ಸೋಮಮ್ಮ ಸಗಣಿ ಹಾಕಿ ಸಾರಿಸಿದ ಅಂಗಳ, ನೀರು ಬಿದ್ದು ಬಿದ್ದು ಮೇಲೆ ಬೆಸೆದುಕೊಂಡಿತ್ತು. ಸಂತೋಷ ಹಾರೆ ಹಾಕುತ್ತ ಹೋದ. ಮೂರಡಿಗೆ ಹಾರೆ ತಟ್ಟನೆ ಒಳಗೆ ಜಾರಿತು. ಮಣ್ಣು ಬಿಡಿಸಿದರೆ ನನ್ನ ಅಂಗೈ ಹಿಡಿಸುವಷ್ಟು ಸೀಳು, ಮನೆಯ ಕಡೆಗೆ ಕತ್ತಲೆಯಾಗಿ ಹೋಗಿತ್ತು. ಆರಡಿಯ ಕಬ್ಬಿನ ಜಲ್ಲೆ ತೂರಿಸಿದ, ಪೂರ್ತಿ ಹೋಯಿತು. ಸ್ನೇಹ ಚಪ್ಪಾಳೆ ತಟ್ಟಿದಳು. ಅವಳು ಗುರುತು ಹಾಕಿಕೊಟ್ಟಿದ್ದ ಗೂಟಕ್ಕೂ ಬಿರುಕಿಗೂ ನಡುವೆ ಗೇಣು ಅಂತರ ಕೂಡ ಇರಲಿಲ್ಲ.

ಆ ಮಣ್ಣಿನಲ್ಲಿ ಸಣ್ಣ ಸಣ್ಣ ಬಸವನಹುಳದ ಚಿಪ್ಪು ಸಿಕ್ಕವು. "ಸರ್, ಇಲ್ಲಿ ಯಾವಾಗಲೋ ನೀರು ನಿಲ್ತಿತ್ತು. ಇದು ಕಟ್ಟೆ. ಯಾರೋ ಹಿಂದಿನವರು ಹೂಳು ತುಂಬಿ ಮುಚ್ಚಿರಬೇಕು" ಎಂದಳು. ಇರಬೇಕು, ಯಾರೋ ಹಿಂದಿನವರು.

ನೀನು ಕಾಯುತ್ತಿರುವ ಭಾಗ ಈಗ. ಸೋಮಮ್ಮ ಗುಂಡಿಯ ದಂಡೆಯಲ್ಲಿ ಕೂತಿದ್ದಳು. ಎಲ್ಲರೂ ಚಿಪ್ಪು ಚಿತ್ರ ಎಂದು ಸಂಭ್ರಮ ಪಡುತ್ತಿದ್ದರೆ ಅವಳು ಮೆಲ್ಲಗೆ ಗುಂಡಿಗಿಳಿದಳು. ಅರವತ್ತು ದಾಟಿದ ಹೆಂಗಸು, ಮಂಡಿ ನೋವು ಬೇರೆ. ಬಿರುಕಿನೊಳಗೆ ಮೊಣಕೈಯ ತನಕ ಕೈ ಹಾಕಿದಳು. "ತಣ್ಣಗದೆ" ಎಂದಳು. ಆಮೇಲೆ ಅಲ್ಲಿಯೇ ನಿಂತು ಸಂತೋಷನಿಗೆ, ನನಗಲ್ಲ, ಮಗನಿಗೆ ಹೇಳಿದಳು. "ಅಂಗಾದ್ರೆ ನಾನು ಆ ಎಣ್ಣಿಗೆ ಆಡಿದ್ದು ಸುಳ್ಳು ಕಣ್ಲಾ. ಬಸುರಿ ಎಂಗ್ಸು. ಸುಳ್ಳಾಡ್ಬುಟ್ಟೆ." ಅವನು ಕೈ ಕೊಟ್ಟು ಮೇಲಕ್ಕೆಳೆದುಕೊಂಡ. ಮೇಲೆ ಬಂದವಳು ಅವನ ಕೈ ಬಿಡಲೇ ಇಲ್ಲ.

ಹಾಗಾಗಿ ತೀರ್ಮಾನವಾಗಿದೆ. ಬರುವ ಬುಧವಾರ ಬಸವ ಜಯಂತಿ, ದಿನ ಚೆನ್ನಾಗಿದೆ. ನಾವು ಮೂವರೂ ತಾಂಬೂಲ ತಗೊಂಡು ಬರುತ್ತೇವೆ. ನಿಮ್ಮತ್ತೆ ನಿಮ್ಮ ಮನೆ ನಡುಮನೆಯಲ್ಲಿ, ನಿಮ್ಮಪ್ಪ ಅಮ್ಮನ ಮುಂದೆ, ನೀನು ಹೇಗೆ ಕೇಳಿದ್ದೀಯೋ ಹಾಗೇ ಹೇಳುತ್ತಾಳೆ. ಇದಕ್ಕೆ ನಾನು ಒತ್ತಾಯ ಮಾಡಿಲ್ಲ, ಅವಳೇ ಹೇಳಿದ್ದು. ಮಗುವಿಗೆ ಬೆಳ್ಳಿ ಉಡಿದಾರ ಮಾಡಿಸಿದ್ದಾಳೆ, ನಿನಗೆ ಮೈಸೂರಿನಿಂದ ಗಿಣಿಹಸಿರು ಸೀರೆ ತರಿಸಿದ್ದಾಳೆ. ಬಣ್ಣ ಹಿಡಿಸದಿದ್ದರೆ ಮುಖದ ಮೇಲೆ ಹೇಳಬೇಡ.

ಮನೆಯ ಬಗ್ಗೆ ಹೆದರಬೇಡ. ಸುತ್ತ ಎರಡು ಮಾರಗಲ ಕಲ್ಲುಹಾಸು ಹಾಕಿ, ಬಚ್ಚಲ ನೀರು ದೂರ ಸಾಗಿಸಿ, ನೆಲದ ತೇವ ಏರುಪೇರಾಗದ ಹಾಗೆ ನೋಡಿಕೊಂಡರೆ ಗೋಡೆ ನಿಲ್ಲುತ್ತದೆ, ಇಂಜಿನಿಯರನ್ನು ಕರೆಸಿ ತೋರಿಸಿ ಎಂದು ಸ್ನೇಹ ಹೇಳಿದ್ದಾಳೆ. ಸೋಮವಾರ ಕಲ್ಲು ಬರುತ್ತದೆ. ಚಿನ್ನು ಅಂಬೆಗಾಲಿಡುವ ಹೊತ್ತಿಗೆ ಅಂಗಳ ನುಣ್ಣಗಿರುತ್ತದೆ.

ತಾಯಿ ಮಗು ನೂರು ವರ್ಷ ತಣ್ಣಗಿರಿ. ನಮ್ಮ ಮನೆಯ ದೀಪ ನೀವಿಬ್ಬರು.

ನಿನ್ನ ಮಾವ
ಪುಟ್ಟಸ್ವಾಮಿ

ಮತ್ತೆ ಬರೆಯುವುದು, 29ನೇ ತಾರೀಕು ಮಂಗಳವಾರ ಬೆಳಗ್ಗೆ:

ಈ ಕಾಗದ ಬರೆದು ಮೂರು ದಿನವಾಯಿತು. ಅಂಚೆ ಡಬ್ಬಿಯ ತನಕ ಎರಡು ಸಲ ಹೋಗಿ ಹಾಕದೆ ವಾಪಸು ಬಂದೆ.

ಮೇಲೆ "ಯಾರೋ ಹಿಂದಿನವರು" ಎಂದು ಬರೆದಿದ್ದೇನೆ. ಯಾರೋ ಅಲ್ಲ. ಕಟ್ಟೆ ಮುಚ್ಚಿಸಿದವನು ನನ್ನ ಅಪ್ಪ. ಆಗ ನನಗೆ ಹನ್ನೆರಡು ವರ್ಷ. ನಾಲೆಯ ಹೂಳು ತುಂಬಿದ ಗಾಡಿ ಹೊಡೆದವರಲ್ಲಿ ನಾನೂ ಒಬ್ಬ. ಅದಕ್ಕೂ ಮುಂಚೆ ದಿನಾ ಅಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದೆ. "ಇಲ್ಲಿ ಕಬ್ಬು ಹಾಕ್ಲಾ, ಮನೆ ಮಾತ್ರ ಕಟ್ಬೇಡ" ಎಂದು ಅಪ್ಪ ಸಾಯುವ ಮುಂಚೆಯೂ ಹೇಳಿದ್ದ. ಅದು ಗೊತ್ತಿದ್ದವರು ಊರಲ್ಲಿ ಒಬ್ಬೊಬ್ಬರಾಗಿ ಹೋದರು. ರಸ್ತೆಗೆ ಮುಖವಿರುವ ಜಾಗ ಅದೊಂದೇ ಎಂದು ನಾನು ಅಲ್ಲಿಯೇ ಕಟ್ಟಿದೆ. ಐವತ್ತು ವರ್ಷವಾಯಿತು, ಮಣ್ಣು ಕೂತಿರುತ್ತದೆ, ನಾನು ಓದಿದವನು, ನನಗೆ ತಿಳಿಯದೇ ಎಂದುಕೊಂಡೆ.

ಬಿರುಕು ಕಂಡ ದಿನವೇ ನನಗೆ ಗೊತ್ತಾಯಿತು ಹೇಮಾ. ಯಾವ ಯಂತ್ರವೂ ಬೇಕಿರಲಿಲ್ಲ. ಸಂಜೆ ಸಂತೋಷ "ಅಪ್ಪಾ, ಜಾಗ ಸರಿ ಇತ್ತಾ?" ಎಂದು ಕೇಳಿದ. ಸೋಮಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಜೀವಮಾನದ ಉಳಿತಾಯವನ್ನು ಕಟ್ಟೆಯೊಳಗೆ ಹಾಕಿದೆ ಎಂದು ಹೆಂಡತಿ ಮಗನ ಮುಂದೆ ಒಪ್ಪಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. "ಜಾಗಕ್ಕೇನಾಗಿದೆ? ಎರಡು ವರ್ಷ ನೆಟ್ಟಗಿದ್ದ ಮನೆ. ಈಗ ಹೊಸದಾಗಿ ಏನು ಬಂತು ಅಂತ ನೀವೇ ಯೋಚನೆ ಮಾಡಿ" ಎಂದೆ. ಸೋಮಮ್ಮ ಯೋಚನೆ ಮಾಡಿದಳು. ಬೆಳಗ್ಗೆ ಎದ್ದು ಅವಳು ಆಡಿದ್ದು ನಾನು ಅವಳ ಬಾಯಿಗೆ ಇಟ್ಟ ಮಾತು. ಆಮೇಲೆ ಒಂದು ವರ್ಷ ನಾನು ಬಾಯಿ ಬಿಡಲಿಲ್ಲ. ಸ್ನೇಹ ಸಿಕ್ಕಾಗ ಖುಷಿ ಪಟ್ಟದ್ದು ಸುಳ್ಳಲ್ಲ. ನಾನು ಹೇಳಬೇಕಾದ್ದನ್ನು ಪೆಟ್ಟಿಗೆಯೇ ಹೇಳಿಬಿಡುತ್ತದೆ, ನನ್ನ ಹೆಸರು ಹೊರಗೆ ಬರದೆ ನೀನು ಮನೆಗೆ ಬರುತ್ತೀಯ ಎಂಬ ಖುಷಿಯೂ ಅದರಲ್ಲಿತ್ತು.

ನಿನ್ನೆ ಸೋಮಮ್ಮ ಅಡುಗೆಮನೆಯಲ್ಲಿ ಕಜ್ಜಾಯ ಬೇಯಿಸುತ್ತ, ನಿನ್ನ ಮುಂದೆ ಆಡಬೇಕಾದ ಮಾತನ್ನು ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. "ನನ್ನ ಬಾಯಿಗೆ ಉಳ ಬೀಳ, ನಾನೇ ಪಾಪಿ, ಒಟ್ಟೆಗಾಕ್ಕೊ ತಾಯಿ." ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಕೇಳಲಾಗಲಿಲ್ಲ. ಅಲ್ಲೇ ಹೊಸಿಲ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಬಾಣಲೆ ಇಳಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಕೈ ಒರೆಸಿಕೊಂಡು "ಮೇಷ್ಟ್ರೆ, ನೀವು ಬರ್ಬೇಡಿ. ನಾನೂ ಮಗನೂ ಓಗ್ತೀವಿ. ನಾನಾಡಿದ್ದು ನಾನಾಡಿದ್ದೇಯ, ಅದುಕ್ಕೆ ನಾನು ಕೇಳ್ಕತೀನಿ. ನಿಮ್ದು ನೀವು ಕೇಳ್ಕಳಿ" ಎಂದಳು. ಎಲ್ಲ ಕೇಳಿಸಿಕೊಂಡಿದ್ದ ಸಂತೋಷ ಡೈರಿಗೆ ಹೊರಟುಹೋದ.

ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ಸೋಮಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಮರಿಯಯ್ಯನವರಿಗೂ ಓದಿ ಹೇಳು. ಗೋಡೆ ಸೀಳಿದ್ದು ನಾನು ಆರಿಸಿದ ಜಾಗದಿಂದ. ನಿನ್ನ ಹೆಸರು ಕೆಟ್ಟದ್ದು ನನ್ನ ಮಾತಿನಿಂದ. ತಪ್ಪಾಯಿತು ತಾಯಿ.

ನೀನು ಮಗುವನ್ನು ಕರೆದುಕೊಂಡು ಈ ಮನೆಗೆ ಬರಬೇಕೋ ಬೇಡವೋ, ನಾನು ಇರುವ ಮನೆಗೆ ಬರಬೇಕೋ ಬೇಡವೋ, ನೀನೇ ಯೋಚನೆ ಮಾಡು. ಬೇಡವೆಂದರೆ ನನಗೇನೂ ಬೇಸರವಿಲ್ಲ ಎಂದು ಬರೆಯಲು ಹೊರಟೆ. ಅದು ಸುಳ್ಳು. ತುಂಬಾ ಬೇಸರವಾಗುತ್ತದೆ.